ಪದೇ ಪದೇ ಬಾಯಿಹುಣ್ಣು: ಬಿ ಕಾಂಪ್ಲೆಕ್ಸ್ ನುಂಗಿದರೆ ಸಾಕಾ?

ತುಂಗಾತೀರ
ವಿಷಯ ಇಷ್ಟು. 34 ವರ್ಷ, ಸಸ್ಯಾಹಾರಿ, ಎಲೆಅಡಿಕೆ, ಹೊಗೆಸೊಪ್ಪು ಯಾವುದೂ ಇಲ್ಲ. ತಿಂಗಳಿಗೋ ಆರು ವಾರಕ್ಕೋ ಒಮ್ಮೆ ಕೆಳತುಟಿಯ ಒಳಗೆ, ಕೆನ್ನೆಯ ಒಳಗೆ ಎರಡು ಮೂರು ಹುಣ್ಣು. ಕಾಳುಮೆಣಸಿನಷ್ಟು ದೊಡ್ಡವು, ಸುತ್ತ ಕೆಂಪು, ನಡುವೆ ಬಿಳಿ. ಹತ್ತು ದಿನಕ್ಕೆ ತಾವೇ ಮಾಯ. ಪ್ರತಿ ಸಲ ಒಂದು ಶೀಟ್ ಬಿ ಕಾಂಪ್ಲೆಕ್ಸ್, ಒಂದು ಜೆಲ್. ಮನೆಯಲ್ಲಿ ಹಿರಿಯರದು ಒಂದೇ ಮಾತು, "ಉಷ್ಣ ಆಗಿದೆ, ಎಳನೀರು ಕುಡಿ". ಮೂಲ ಎಲ್ಲಿದೆ ಅಂತ ಹುಡುಕೋದು ಹೇಗೆ?

ದಂತವೈದ್ಯೆ_ದಾವಣಗೆರೆ
ನೀವು ಬರೆದಿರುವ ಲಕ್ಷಣ ಆಫ್ತಸ್ ಹುಣ್ಣಿನದು. ಬಾಯಿಹುಣ್ಣು ಎನ್ನುವ ಒಂದೇ ಹೆಸರಿನಡಿ ನಾವು ಏಳೆಂಟು ಬೇರೆ ಬೇರೆ ಕಾಯಿಲೆಗಳನ್ನು ತುಂಬಿಟ್ಟಿದ್ದೇವೆ. ಹಾಗಾಗಿ ಮದ್ದಿಗಿಂತ ಮೊದಲು ಜಾಗ, ಗಾತ್ರ, ದಿನ ಈ ಮೂರನ್ನು ನೋಡಬೇಕು.

ಜಾಗ: ತುಟಿಯ ಒಳಭಾಗ, ಕೆನ್ನೆ, ನಾಲಿಗೆಯ ಅಡಿ ಮತ್ತು ಅಂಚು, ಕಿರುನಾಲಿಗೆ ಹತ್ತಿರದ ಮೆತ್ತನೆ ಅಂಗಳ. ಮೃದುವಾದ, ಜಾರುವ ಚರ್ಮ ಇರುವ ಈ ಕಡೆಗಳಲ್ಲಿ ಬಂದರೆ ಸಾಮಾನ್ಯವಾಗಿ ಆಫ್ತಸ್. ಹಲ್ಲಿಗೆ ಅಂಟಿದ ಗಟ್ಟಿ ವಸಡು, ಗಟ್ಟಿ ಅಂಗಳ, ತುಟಿಯ ಹೊರ ಅಂಚು ಇಲ್ಲೆಲ್ಲ ಮೊದಲು ನೀರುಗುಳ್ಳೆ ಎದ್ದು ಒಡೆದು ಹುಣ್ಣಾದರೆ ಹರ್ಪಿಸ್ ವೈರಸ್ಸಿನ ಅನುಮಾನ. ಒಂದರ ಮದ್ದು ಇನ್ನೊಂದಕ್ಕೆ ಹಾನಿ. ಆಫ್ತಸ್‌ಗೆ ಹಚ್ಚುವ ಸ್ಟೀರಾಯ್ಡ್ ಪೇಸ್ಟನ್ನು ಹರ್ಪಿಸ್ ಮೇಲೆ ಹಚ್ಚಿದರೆ ಅದು ಹರಡಲು ದಾರಿ ಮಾಡಿಕೊಟ್ಟಂತೆ.

ಗಾತ್ರ: 10 ಮಿ.ಮೀ.ಗಿಂತ ಚಿಕ್ಕದಾದರೆ 7ರಿಂದ 14 ದಿನದಲ್ಲಿ ಕಲೆಯಿಲ್ಲದೆ ಮಾಗುತ್ತದೆ. ಅದಕ್ಕಿಂತ ದೊಡ್ಡದು, ಆಳವಾದದ್ದು ಆರು ವಾರ ಹಿಡಿಯಬಹುದು, ಕಲೆಯೂ ಉಳಿಯಬಹುದು. ಸಾಸಿವೆಗಾತ್ರದವು ಹತ್ತಾರು ಒಟ್ಟಿಗೆ ಎದ್ದು ಕೂಡಿಕೊಳ್ಳುವ ಮೂರನೇ ಬಗೆಯೂ ಇದೆ, ಅಪರೂಪ.

ದಿನ: ಮೂರನೇ ವಾರಕ್ಕೆ ಕಾಲಿಟ್ಟ ಒಂಟಿ ಹುಣ್ಣನ್ನು "ನೋಡೋಣ" ಅಂತ ಬಿಡುವಂತಿಲ್ಲ.

ಇನ್ನೊಂದು ಮಾತು. ನಡುವೆ ಕಾಣುವ ಬಿಳಿ ಪೊರೆ ಕೀವಲ್ಲ, ಗಾಯ ಮಾಗಲು ದೇಹವೇ ಹಾಕಿಕೊಂಡ ಹೊದಿಕೆ. ಬಟ್ಟೆ ಸುತ್ತಿದ ಬೆರಳಿನಿಂದ ಅದನ್ನು ಕೆರೆದು ತೆಗೆಯುವವರಿದ್ದಾರೆ. ಪ್ರತಿ ಸಲ ಕೆರೆದಾಗಲೂ ಗಾಯ ಹೊಸದಾಗುತ್ತದೆ. ಆಫ್ತಸ್ ಅಂಟುರೋಗವಲ್ಲ, ಆಂಟಿಬಯಾಟಿಕ್ ಕೂಡ ಬೇಕಿಲ್ಲ. ದೇಹದ ರಕ್ಷಣಾ ಕಣಗಳೇ ಬಾಯಿಯ ಒಳಪೊರೆಯ ಮೇಲೆ ತಿರುಗಿಬಿದ್ದಾಗ ಬರುವ ಗಾಯ ಇದು. ತಂದೆ ತಾಯಿಗಿದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು.

ಔಷಧಂಗಡಿ_ಮಲೆನಾಡು
ಬಿ ಕಾಂಪ್ಲೆಕ್ಸ್ ಬಗ್ಗೆ ಸ್ವಲ್ಪ ಲೆಕ್ಕ ಹಾಕೋಣ. ಹತ್ತು ದಿನಕ್ಕೆ ಹುಣ್ಣು ತಾನೇ ಹೋಗುತ್ತದೆ, ಶೀಟಿನಲ್ಲಿ ಇರುವುದೂ ಹತ್ತಿಪ್ಪತ್ತು ಕ್ಯಾಪ್ಸೂಲ್. ಕೀರ್ತಿ ಪೂರ್ತಿ ಕ್ಯಾಪ್ಸೂಲಿಗೆ! ಬಿ2 ಕೊರತೆಯಲ್ಲಿ ನಿಜವಾಗಿ ಕಾಣುವುದು ಬಾಯಿಯ ಎರಡೂ ಮೂಲೆ ಸೀಳುವುದು, ತುಟಿ ಬಿರಿಯುವುದು, ನಾಲಿಗೆ ಕೆಂಪಗೆ ನುಣ್ಣಗಾಗುವುದು. ತುಟಿಯ ಒಳಗಿನ ದುಂಡು ಹುಣ್ಣಿನ ಜೊತೆ ಹೆಚ್ಚಾಗಿ ಸಿಗುವ ಕೊರತೆಗಳು ಬೇರೆ: ಕಬ್ಬಿಣ, ಬಿ12, ಫೋಲೇಟ್ (ಮಾತ್ರೆಯ ರೂಪದಲ್ಲಿ ಫೋಲಿಕ್ ಆಸಿಡ್).

ಬಿ12 ನಿಜಕ್ಕೂ ಕಡಿಮೆ ಇದ್ದರೆ ಸಾಧಾರಣ ಬಿ ಕಾಂಪ್ಲೆಕ್ಸಿನಲ್ಲಿರುವ ಹತ್ತಿಪ್ಪತ್ತು ಮೈಕ್ರೋಗ್ರಾಂ ಆ ಹೊಂಡ ತುಂಬಲು ಸಾಲದು. ದಿನಕ್ಕೆ 1000 ಮೈಕ್ರೋಗ್ರಾಂ ನಾಲಿಗೆಯಡಿ ಇಟ್ಟು ಆರು ತಿಂಗಳು ನೋಡಿದ ಪ್ರಯೋಗವೊಂದರಲ್ಲಿ ಹುಣ್ಣಿನ ಸಂಖ್ಯೆ, ನೋವು ಎರಡೂ ಇಳಿದವು, ಅದೂ ರಕ್ತದಲ್ಲಿ ಬಿ12 ಎಷ್ಟೇ ಇದ್ದವರಲ್ಲೂ. ಆದರೆ ಪರಿಣಾಮ ಚೆನ್ನಾಗಿ ಕಂಡದ್ದು ಐದಾರನೇ ತಿಂಗಳಿಗೆ. ಒಂದು ಶೀಟಿಗೆ ಮುಗಿಯುವ ಕೆಲಸವಲ್ಲ.

ಅಂಗಡಿಯಲ್ಲಿ ಆಗುವ ಒಂದು ಎಡವಟ್ಟು: "ಬಿ12 ಕೊಡಿ" ಅಂದರೆ ಮಿಥೈಲ್‌ಕೋಬಾಲಮಿನ್ (ಬಿ12ರ ಒಂದು ರೂಪ) ಜೊತೆ ಪ್ರೆಗಾಬಾಲಿನ್ ಸೇರಿದ ಗುಳಿಗೆ ಕೈಗೆ ಬರಬಹುದು. ಅದು ನರನೋವಿನ ಮದ್ದು, ತೂಕಡಿಕೆ, ತಲೆಸುತ್ತು ತರುತ್ತದೆ. ಶೀಟಿನ ಹಿಂದಿನ ಸಣ್ಣಕ್ಷರ ಓದಿಯೇ ತಗೊಳ್ಳಿ.

ಕರಾವಳಿ_ಮೆಣಸು
ಹಾಗಾದ್ರೆ ಉಷ್ಣ ಅನ್ನೋದು ಬರೀ ಸುಳ್ಳಾ? ಖಾರ ತಿಂದ ಮರುದಿನ ಹುಣ್ಣು ಏಳುವುದನ್ನು ಎಲ್ಲರೂ ನೋಡಿರ್ತಾರೆ.

ದಂತವೈದ್ಯೆ_ದಾವಣಗೆರೆ
ನೋಡಿರುವುದು ನಿಜ, ಕಾರಣ ಬೇರೆ. ಹುಣ್ಣು ಕಣ್ಣಿಗೆ ಬೀಳುವ ಒಂದೆರಡು ದಿನ ಮೊದಲೇ ಆ ಜಾಗದಲ್ಲಿ ಚುರುಚುರು ಶುರುವಾಗಿರುತ್ತದೆ. ಮೆಣಸಿನಕಾಯಿಯ ಖಾರ ನಾಟುವುದು ಬಿಸಿಯನ್ನು ಗ್ರಹಿಸುವ ನರತುದಿಗಳಿಗೇ. ಆಗಲೇ ಕೆರಳಿರುವ ಜಾಗಕ್ಕೆ ಖಾರ ತಗುಲಿದಾಗ ಮೊದಲ ಬಾರಿಗೆ ಗೊತ್ತಾಗುತ್ತದೆ, ಮರುದಿನ ಹುಣ್ಣು ಕಾಣುತ್ತದೆ, ತಪ್ಪು ಸಾರಿನ ಮೇಲೆ ಬರುತ್ತದೆ. ಇನ್ನು ಎಳನೀರು, ಮಜ್ಜಿಗೆ ಕುಡಿಯುವುದರಲ್ಲಿ ತಪ್ಪೇನಿಲ್ಲ. ಬಾಯಿ ಒಣಗದಿದ್ದರೆ ಉಜ್ಜಾಟ ಕಡಿಮೆ. ಅದಕ್ಕಿಂತ ಹೆಚ್ಚಿನ ಕೆಲಸವನ್ನು ಎಳನೀರಿನ ತಲೆಗೆ ಕಟ್ಟಬೇಡಿ.

ನಿಜವಾಗಿ ಗಾಯ ಮಾಡುವ ತಿಂಡಿಗಳೆಂದರೆ ಗಟ್ಟಿ ಅಂಚಿನವು: ಚಕ್ಕುಲಿ, ನಿಪ್ಪಟ್ಟು, ಒಣಕೊಬ್ಬರಿ ಚೂರು. ಚಿಕ್ಕ ಗೀರು ಬಿದ್ದಲ್ಲೇ, ಪದೇ ಪದೇ ಹುಣ್ಣಾಗುವ ಸ್ವಭಾವ ಇರುವವರಿಗೆ, ಹುಣ್ಣು ಎದ್ದು ಕೂರುತ್ತದೆ. ಗೌರಿ ಗಣೇಶ ಮುಗಿದ ವಾರ ಉಷ್ಣವನ್ನಲ್ಲ, ಚಕ್ಕುಲಿ ಡಬ್ಬಿಯನ್ನು ಅನುಮಾನಿಸಿ.

ರಕ್ತಪರೀಕ್ಷೆ_ಲ್ಯಾಬ್
ವರ್ಷಕ್ಕೆ ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಬರುವವರು ಒಮ್ಮೆ ಮಾಡಿಸಬೇಕಾದದ್ದು: ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ), ಫೆರಿಟಿನ್, ಬಿ12, ಫೋಲೇಟ್. ಬಿ12 ಪರೀಕ್ಷೆಗೆ ಹೋಗುವ ಹಿಂದಿನ ವಾರ ಗುಳಿಗೆ, ಇಂಜೆಕ್ಷನ್ ತಗೊಂಡಿದ್ದರೆ ಅಂಕಿ ಮೇಲೆದ್ದು ಕೊರತೆಯೇ ಇಲ್ಲ ಅನ್ನಿಸುತ್ತದೆ. ಶೀಟು ಖಾಲಿ ಮಾಡಿದ ಮೇಲೆ ಪರೀಕ್ಷೆಗೆ ಬರುವವರೇ ಹೆಚ್ಚು, ಉಲ್ಟಾ ಆಗಬೇಕು.

ಬಿ12 ಪ್ರತಿ ಮಿ.ಲೀ.ಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ, 200ರಿಂದ 300 ಗಡಿರೇಖೆ. ಹಿಮೋಗ್ಲೋಬಿನ್ ಸರಿಯಿದೆ ಅಂತ ಸುಮ್ಮನಾಗಬೇಡಿ, ಕಬ್ಬಿಣದ ದಾಸ್ತಾನು ತಳ ಕಂಡ ಮೇಲೆಯೇ ಹಿಮೋಗ್ಲೋಬಿನ್ ಇಳಿಯುವುದು. ದಾಸ್ತಾನು ತೋರಿಸುವುದು ಫೆರಿಟಿನ್. ಆದರೆ ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ, ಆಗ ಮಾಡಿಸಬೇಡಿ. ಇನ್ನೊಂದು ಮೋಸ ಎಂಸಿವಿಯದು, ಅಂದರೆ ಕೆಂಪುಕಣದ ಸರಾಸರಿ ಗಾತ್ರದ್ದು. ಕಬ್ಬಿಣ ಕಡಿಮೆಯಾದರೆ ಕೆಂಪುಕಣ ಚಿಕ್ಕದಾಗುತ್ತದೆ, ಬಿ12 ಕಡಿಮೆಯಾದರೆ ದೊಡ್ಡದಾಗುತ್ತದೆ. ಎರಡೂ ಕಡಿಮೆ ಇದ್ದರೆ ಸರಾಸರಿ ನಾರ್ಮಲ್ ಎಂದು ತೋರಿಸಿ ರಿಪೋರ್ಟು ನಗುತ್ತದೆ. ಅಂಥ ಕಡೆ ಕಣಗಳ ಗಾತ್ರದ ಏರುಪೇರು ತೋರಿಸುವ ಆರ್‌ಡಿಡಬ್ಲ್ಯೂ ನೋಡಿ, ಅದು ಏರಿರುತ್ತದೆ.

ತುಂಗಾತೀರ
ಫೋಲಿಕ್ ಆಸಿಡ್ ಮಾತ್ರೆ ಅಗ್ಗ ಇದೆ, ಅದನ್ನೇ ಶುರು ಮಾಡಿದರೆ?

ರಕ್ತಪರೀಕ್ಷೆ_ಲ್ಯಾಬ್
ಬಿ12 ನೋಡದೆ ಬೇಡ. ಬಿ12 ಕೊರತೆ ಇರುವವರಿಗೆ ಫೋಲಿಕ್ ಆಸಿಡ್ ಒಂದನ್ನೇ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರಗಳ ಹಾನಿ ಮುಂದುವರಿಯುತ್ತದೆ. ಕಾಲು ಜೋಮು, ನಡಿಗೆ ತೂರಾಟ ಬಂದ ಮೇಲೆ ಎಚ್ಚರವಾದರೆ ತಡ.

ಊಟದ ಮಾತಿಗೆ ಬಂದರೆ, ಸಸ್ಯಾಹಾರದಲ್ಲಿ ಬಿ12 ಸಿಗುವುದು ಮುಖ್ಯವಾಗಿ ಹಾಲು, ಮೊಸರಿನಂಥವುಗಳಲ್ಲಿ. ಸೊಪ್ಪು, ಬೇಳೆ, ರಾಗಿ ಎಷ್ಟೇ ಒಳ್ಳೆಯದಾದರೂ ಅವುಗಳಲ್ಲಿ ಬಿ12 ಇಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ನುಂಗುವವರಲ್ಲಿ ಮೊಟ್ಟೆ, ಮೀನು ತಿಂದರೂ ಬಿ12 ಇಳಿಯಬಹುದು.

ಔಷಧಂಗಡಿ_ಮಲೆನಾಡು
ಹುಣ್ಣು ತರುವ ಮಾತ್ರೆಗಳ ಕಡೆಗೂ ನೋಡಬೇಕು. ಎದೆನೋವಿಗೆ ಕೊಡುವ ನಿಕೊರಾಂಡಿಲ್ ಕೆಲವರಲ್ಲಿ ದೊಡ್ಡ, ಆಳದ ಹುಣ್ಣು ತರುತ್ತದೆ, ಮಾತ್ರೆ ಬದಲಾಗುವವರೆಗೂ ಯಾವ ಜೆಲ್ಲಿಗೂ ಬಗ್ಗುವುದಿಲ್ಲ. ಆದರೆ ತಾವಾಗಿ ನಿಲ್ಲಿಸಬಾರದು, ಹೃದಯದ ಡಾಕ್ಟರನ್ನೇ ಕೇಳಬೇಕು. ಕಬ್ಬಿಣದ ಮಾತ್ರೆಯನ್ನು ನುಂಗಲಾರದೆ ಬಾಯಲ್ಲಿ ಕರಗಿಸುವ ಅಥವಾ ಅಗಿಯುವ ವಯಸ್ಸಾದವರಿಗೆ ಮಾತ್ರೆ ತಗುಲಿದ ಜಾಗವೇ ಸುಟ್ಟು ಹುಣ್ಣಾಗುತ್ತದೆ. ಅಂಥವರಿಗೆ ಸಿರಪ್ ಬರೆಸಿಕೊಳ್ಳಿ.

ಎಲ್ಲಕ್ಕಿಂತ ಗಂಭೀರವಾದದ್ದು ಮೀಥೊಟ್ರೆಕ್ಸೇಟ್. ಕೀಲುವಾತಕ್ಕೆ, ಸೋರಿಯಾಸಿಸ್‌ಗೆ ಕೊಡುವ ಇದನ್ನು ವಾರಕ್ಕೆ ಒಂದೇ ದಿನ ತಗೊಳ್ಳಬೇಕು. ಗೊತ್ತಾಗದೆ ದಿನವೂ ನುಂಗಿದವರಲ್ಲಿ ಮೊದಲು ಕಾಣುವ ಅಪಾಯಸೂಚನೆಯೇ ಬಾಯಿ ತುಂಬ ಹುಣ್ಣು. ಅಷ್ಟರಲ್ಲಿ ರಕ್ತಕಣಗಳೂ ಕುಸಿಯುತ್ತಿರುತ್ತವೆ. ಅವತ್ತೇ ಆಸ್ಪತ್ರೆಗೆ ಹೋಗಬೇಕು, ಜೆಲ್ ಕೇಳಿಕೊಂಡು ಅಂಗಡಿಗಲ್ಲ.

ಸೀಬೆಚಿಗುರು
ಮನೆಮದ್ದಿನವರು ಯಾರೂ ಬಂದಿಲ್ಲ, ನಾನು ಬಂದೆ 🙂 ಸೀಬೆ ಚಿಗುರು, ಮಲ್ಲಿಗೆ ಎಲೆ ಜಗಿಯುವುದು, ತೊಂಡೆಕಾಯಿ ಹಸಿಯಾಗಿ ಅಗಿಯುವುದು, ಗಣಿಕೆ ಸೊಪ್ಪಿನ ಸಾರು, ಜೇನು, ತುಪ್ಪ, ಸ್ಫಟಿಕ, ಬಿಳಿಗಾರ–ಗ್ಲಿಸರಿನ್. ಇವುಗಳಲ್ಲಿ ಇಟ್ಟುಕೊಳ್ಳಬೇಕಾದ್ದು ಯಾವುದು, ಬಿಡಬೇಕಾದ್ದು ಯಾವುದು?

ದಂತವೈದ್ಯೆ_ದಾವಣಗೆರೆ
ಜೇನು: ದಿನಕ್ಕೆ ಮೂರು ನಾಲ್ಕು ಸಲ ಹುಣ್ಣಿನ ಮೇಲೆ ಹಚ್ಚಬಹುದು. ಒಂದು ವರ್ಷದೊಳಗಿನ ಮಗುವಿಗೆ ಒಂದು ಹನಿಯೂ ಬೇಡ, ಬಾಟುಲಿಸಂ ಎಂಬ ಪಾರ್ಶ್ವವಾಯುವಿನಂಥ ಕಾಯಿಲೆಯ ಭಯ ಇದೆ.

ತುಪ್ಪ, ಕೊಬ್ಬರಿ ಎಣ್ಣೆ: ಹಲ್ಲು, ಊಟ ತಗುಲದಂತೆ ಜಾರಿಸುವ ಲೇಪ, ಅಷ್ಟೇ. ಊಟಕ್ಕೆ ಮೊದಲು ಹಚ್ಚಿದರೆ ಉಪಯೋಗ ಹೆಚ್ಚು. ಸೀಬೆ ಚಿಗುರು ಒಗರು. ಎಲೆಯನ್ನೇ ಜಗಿದರೆ ನಾರು ಗಾಯಕ್ಕೆ ಉಜ್ಜುತ್ತದೆ. ಏಳೆಂಟು ಚಿಗುರನ್ನು ಎರಡು ಲೋಟ ನೀರಿನಲ್ಲಿ ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ, ಸೋಸಿ, ಪೂರ್ತಿ ಆರಿಸಿ ಮುಕ್ಕಳಿಸಿ. ಹಸಿ ತೊಂಡೆಕಾಯಿಯಿಂದ ಹಾನಿಯಿಲ್ಲ, ಪವಾಡವೂ ಇಲ್ಲ.

ಗಣಿಕೆ ಸೊಪ್ಪನ್ನು ಬೇಯಿಸಿ, ಬೇಯಿಸಿದ ನೀರು ಚೆಲ್ಲಿ ಬಳಸಿ. ಹಸಿರು ಕಾಯಿ ಸೇರಿಸಬೇಡಿ, ಅದರಲ್ಲಿ ವಿಷದ ಅಂಶ ಇದೆ.

ಸ್ಫಟಿಕದ ಹರಳು ನೇರವಾಗಿ ಒತ್ತುವುದು, ಕಲ್ಲುಪ್ಪು ಒತ್ತುವುದು, ಸುಣ್ಣ ಹಚ್ಚುವುದು, ಲವಂಗದೆಣ್ಣೆ ಸುರಿಯುವುದು ಎಲ್ಲವೂ ಗಾಯದ ಮೇಲೆ ಸುಟ್ಟ ಗಾಯ. "ಉರಿದು ಆಮೇಲೆ ನೋವೇ ಹೋಯ್ತು" ಅನ್ನುತ್ತಾರೆ. ನರತುದಿ ಸುಟ್ಟರೆ ನೋವು ಹೋಗಲೇಬೇಕಲ್ಲ. ಹಲ್ಲುನೋವಿಗೆ ವಸಡಿನ ಪಕ್ಕ ಆಸ್ಪಿರಿನ್ ಮಾತ್ರೆ ಇಟ್ಟುಕೊಂಡಾಗ ಆಗುವ ಬಿಳಿ ಗಾಯವೂ ಇದೇ ಜಾತಿಯದು. ಬಿಳಿಗಾರ ಹೊಟ್ಟೆಗೆ ಹೋದರೆ ವಿಷ, ಮಕ್ಕಳ ಬಾಯಿಗೆ ಬೇಡವೇ ಬೇಡ.

ಮುಕ್ಕಳಿಸಲು ಅಗ್ಗದ್ದು: ಒಂದು ಲೋಟ ಉಗುರುಬೆಚ್ಚನೆ ನೀರಿಗೆ ಅರ್ಧ ಚಮಚ ಉಪ್ಪು. ಉಪ್ಪು ಉರಿದರೆ ಅರ್ಧ ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ. ಅರ್ಧ ನಿಮಿಷ ಬಾಯಲ್ಲಿಟ್ಟು ಉಗುಳಿ, ದಿನಕ್ಕೆ ಮೂರು ನಾಲ್ಕು ಸಲ.

ಸೀಬೆಚಿಗುರು
ಒಪ್ಪಿದೆ ಮೇಡಂ. ಊಟ ಸೇರದವರಿಗೆ ದೊಡ್ಡಪತ್ರೆ ತಂಬುಳಿ ಸೇರಿಸಿಕೊಳ್ಳಿ. ಎಂಟು ಹತ್ತು ಎಲೆ, ಅರ್ಧ ಚಮಚ ಜೀರಿಗೆ ತುಪ್ಪದಲ್ಲಿ ಬಾಡಿಸಿ, ಎರಡು ಚಮಚ ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ ಒಂದು ಲೋಟ ಹುಳಿಯಿಲ್ಲದ ಮಜ್ಜಿಗೆಗೆ ಬೆರೆಸಿ. ಮೆಣಸು, ಹಸಿಮೆಣಸಿನಕಾಯಿ ಬಿಡಿ, ಉಪ್ಪು ಅರ್ಧ. ಮೆತ್ತಗೆ ಬೆಂದ ಅನ್ನದೊಂದಿಗೆ ತಣ್ಣಗೆ. ಟೊಮೇಟೊ, ಹುಣಸೆ, ಅನಾನಸ್ ಹುಣ್ಣು ಆರುವ ತನಕ ದೂರ.

ಔಷಧಂಗಡಿ_ಮಲೆನಾಡು
ಪೇಸ್ಟ್ ಹಚ್ಚುವ ಕ್ರಮದಲ್ಲಿ ಹತ್ತಕ್ಕೆ ಎಂಟು ಜನ ತಪ್ಪುತ್ತಾರೆ ಅಂದರೆ ಉತ್ಪ್ರೇಕ್ಷೆ ಅಂತೀರಿ, ಇರಲಿ. ಟ್ರೈಆಮ್ಸಿನೊಲೋನ್ 0.1% ಇರುವ, ಬಾಯಿಗೆಂದೇ ಮಾಡಿದ ಅಂಟುಪೇಸ್ಟ್ ಡಾಕ್ಟರ್ ಬರೆದುಕೊಟ್ಟಿದ್ದರೆ ಹೀಗೆ ಮಾಡಿ.

ಊಟ ಮುಗಿಸಿ ಬಾಯಿ ತೊಳೆಯಿರಿ. ಹತ್ತಿಯಿಂದ ಹುಣ್ಣನ್ನು ಒತ್ತಿ ತೇವ ತೆಗೆಯಿರಿ. ಒದ್ದೆಯ ಮೇಲೆ ಪೇಸ್ಟ್ ಹಿಡಿಯುವುದಿಲ್ಲ, ಇಡೀ ವಿಫಲತೆ ಇಲ್ಲೇ. ಕಡಲೆಬೇಳೆಯ ಅರ್ಧದಷ್ಟು ಪೇಸ್ಟ್ ಬೆರಳ ತುದಿಗೆ ತಗೊಂಡು ಹುಣ್ಣಿನ ಮೇಲೆ ಒತ್ತಿ, ತಿಕ್ಕಬೇಡಿ. ತಿಕ್ಕಿದರೆ ಮರಳು ಮರಳಾಗಿ ಉದುರುತ್ತದೆ. ನುಣ್ಣನೆ ಪೊರೆ ಕಟ್ಟಿದರೆ ಸರಿಯಾಯಿತು. ಅರ್ಧ ಗಂಟೆ ನೀರೂ ಬೇಡ. ದಿನಕ್ಕೆ ಎರಡು ಮೂರು ಸಲ, ಅದರಲ್ಲಿ ಒಂದು ಮಲಗುವ ಮುಂಚೆ, ಆಗ ಜೊಲ್ಲು ಕಡಿಮೆ, ಪೇಸ್ಟ್ ಹೆಚ್ಚು ಹೊತ್ತು ಉಳಿಯುತ್ತದೆ. ಚುರುಚುರು ಶುರುವಾದ ದಿನವೇ ಹಚ್ಚಿದರೆ ಲಾಭ ಹೆಚ್ಚು, ಐದನೇ ದಿನ ಹಚ್ಚಿದರೆ ಅಷ್ಟಕ್ಕಷ್ಟೆ. ಏಳು ದಿನಕ್ಕೂ ತಗ್ಗದಿದ್ದರೆ ನಿಲ್ಲಿಸಿ ತೋರಿಸಿ. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್ ಕ್ರೀಮನ್ನು ಬಾಯಿಗೆ ಹಚ್ಚಬೇಡಿ.

ಮರಗಟ್ಟಿಸುವ ಜೆಲ್ ಬೇರೆ ಹೊತ್ತಿಗೆ. ಜೆಲ್ ಮೇಲೆ ಪೇಸ್ಟ್ ಕೂರುವುದಿಲ್ಲ. ಲಿಗ್ನೊಕೇನ್, ಬೆಂಜೊಕೇನ್ ಜೆಲ್ ಊಟಕ್ಕೆ ಐದು ನಿಮಿಷ ಮುಂಚೆ ಹಚ್ಚಿದರೆ ಊಟ ಇಳಿಯುತ್ತದೆ, ಆದರೆ ಬಿಸಿ ಗೊತ್ತಾಗುವುದಿಲ್ಲ. ತಣ್ಣಗಿನದೇ ತಿನ್ನಿ, ಇಲ್ಲವಾದರೆ ಒಂದು ಹುಣ್ಣಿಗೆ ಎರಡು.

ಕ್ಲೋರ್‌ಹೆಕ್ಸಿಡಿನ್ 0.2% ಮೌತ್‌ವಾಶ್: 10 ಮಿ.ಲೀ., ಒಂದು ನಿಮಿಷ, ದಿನಕ್ಕೆ ಎರಡು ಸಲ. ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಹಾಕಿ, ಟೂತ್‌ಪೇಸ್ಟಿನ ನೊರೆ ಇದರ ಶಕ್ತಿ ಕುಂದಿಸುತ್ತದೆ. ವಾರಗಟ್ಟಲೆ ಮುಂದುವರಿಸಿ ಮೇಲೆ ಕಾಫಿ, ಚಹಾ ಕುಡಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ.

ಲೆಸ್ಟರ್_ಕನ್ನಡತಿ
ಇಲ್ಲಿ ಬ್ರಿಟನ್ನಿನಲ್ಲಿ ಕೋಲಿನ್ ಸ್ಯಾಲಿಸಿಲೇಟ್ ಇರುವ ಜೆಲ್‌ಗಳನ್ನು 2009ರಿಂದ 16 ವರ್ಷದೊಳಗಿನವರಿಗೆ ಕೊಡುವುದಿಲ್ಲ. ಆಸ್ಪಿರಿನ್ ಜಾತಿಯದು, ಮಕ್ಕಳಲ್ಲಿ ಮಿದುಳು ಮತ್ತು ಯಕೃತ್ತಿಗೆ ಪೆಟ್ಟು ಕೊಡುವ ರೇಯ್ ಸಿಂಡ್ರೋಮಿನ ಅನುಮಾನ. ಊರಲ್ಲಿ ಅದೇ ವಸ್ತು ಇರುವ ಜೆಲ್ ಮಕ್ಕಳ ಬಾಯಿಗೂ ಸಲೀಸಾಗಿ ಹೋಗುತ್ತದೆ. ಬೆಂಜೊಕೇನ್ ಎರಡು ವರ್ಷದೊಳಗೆ ಬೇಡ, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಸಿದು ಮಗು ನೀಲಿಗಟ್ಟಬಹುದು.

ಮಲ್ನಾಡ್_ಅಪ್ಪ
ಹಾಗಾದರೆ ನಾಲ್ಕು ವರ್ಷದ ಮಗುವಿಗೆ ಏನು ಮಾಡೋದು ಅಕ್ಕ?

ಲೆಸ್ಟರ್_ಕನ್ನಡತಿ
ಮೊದಲು ಅಂಗೈ, ಅಂಗಾಲು ನೋಡಿ. ಜ್ವರ, ಅಲ್ಲೂ ಗುಳ್ಳೆ ಇದ್ದರೆ ಕೈ–ಕಾಲು–ಬಾಯಿ ರೋಗ, ವೈರಸ್ಸಿನದು, ವಾರ ಹತ್ತು ದಿನದಲ್ಲಿ ಇಳಿಯುತ್ತದೆ, ಶಾಲೆಗೆ ಕಳಿಸಬೇಡಿ. ವಸಡು ಊದಿ ರಕ್ತ ಜಿನುಗುತ್ತಿದ್ದು ಜ್ವರ ಜೋರಿದ್ದರೆ ಹರ್ಪಿಸ್, ಮೂರು ದಿನದೊಳಗೆ ಡಾಕ್ಟರ್ ಹತ್ತಿರ ಹೋದರೆ ವೈರಸ್ ಮದ್ದು ಕೆಲಸ ಮಾಡುತ್ತದೆ. ನೋವಿಗೆ ಪ್ಯಾರಸಿಟಮಾಲ್, ತೂಕದ ಪ್ರತಿ ಕಿಲೋಗೆ 10ರಿಂದ 15 ಮಿ.ಗ್ರಾಂ., ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ಸಿರಪ್‌ನ ಸಾಂದ್ರತೆ ಒಂದೊಂದು ಬಾಟಲಿಗೆ ಒಂದೊಂದು, ಲೇಬಲ್ ಓದಿಯೇ ಅಳೆಯಿರಿ. ನಿಜವಾದ ಅಪಾಯ ಹುಣ್ಣಲ್ಲ, ನೀರು ಕುಡಿಯದಿರುವುದು. ತಣ್ಣನೆ ಹಾಲು, ಗಂಜಿ, ಓಆರ್‌ಎಸ್ ಚಮಚ ಚಮಚವಾಗಿ ಕೊಡುತ್ತಲೇ ಇರಿ. ಎಂಟು ಗಂಟೆ ಮೂತ್ರ ಹೋಗದಿದ್ದರೆ ಆಸ್ಪತ್ರೆ.

ಕರಾವಳಿ_ಮೆಣಸು
ಟೂತ್‌ಪೇಸ್ಟ್ ಬದಲಿಸಿದರೆ ಹುಣ್ಣು ನಿಲ್ಲುತ್ತದಾ?

ದಂತವೈದ್ಯೆ_ದಾವಣಗೆರೆ
ಎಲ್ಲರಿಗೂ ಅಲ್ಲ, ಆದರೆ ಮೊದಲು ಮಾಡಿ ನೋಡಬೇಕಾದದ್ದು ಅದೇ, ಖರ್ಚಿಲ್ಲ. ನೊರೆಗೆ ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಬಾಯಿಯ ಲೋಳೆಯ ಪದರವನ್ನು ತೊಳೆದು ತೆಳುವಾಗಿಸುತ್ತದೆ. ಅದಿಲ್ಲದ ಪೇಸ್ಟನ್ನು ಎರಡು ಮೂರು ತಿಂಗಳು ಬಳಸಿ ಎಣಿಸಿ ನೋಡಿ. "ಆಯುರ್ವೇದ", "ಹರ್ಬಲ್" ಅಂತ ಹೊರಗೆ ಬರೆದಿದ್ದರೂ ಒಳಗೆ ಅದೇ ಇರಬಹುದು, ಪೆಟ್ಟಿಗೆಯ ಹಿಂದೆ ಓದಿ. ಬ್ರಷ್ ಮೃದುವಾದದ್ದು. ಪ್ರತಿ ಸಲ ಒಂದೇ ಜಾಗದಲ್ಲಿ ಹುಣ್ಣು ಬರುತ್ತಿದ್ದರೆ ಪೇಸ್ಟೂ ಅಲ್ಲ, ವಿಟಮಿನ್ನೂ ಅಲ್ಲ: ಅದರೆದುರಿನ ಹಲ್ಲಿನ ಮೊನೆ, ಮುರಿದ ಫಿಲ್ಲಿಂಗ್, ಹಲ್ಲುಸೆಟ್ಟಿನ ಅಂಚು. ಮೊನೆ ನುಣುಪು ಮಾಡಲು ಐದು ನಿಮಿಷ ಸಾಕು. ಹಲ್ಲಿಗೆ ತಂತಿ ಹಾಕಿಸಿಕೊಂಡವರು ಚುಚ್ಚುವ ಕಡೆ ಒಣಗಿಸಿ ಮೇಣದ ಉಂಡೆ ಒತ್ತಿ.

ಸಿಗರೇಟು ಬಿಟ್ಟ ಮೊದಲ ವಾರಗಳಲ್ಲಿ ಹುಣ್ಣು ಹೆಚ್ಚುವುದುಂಟು. ಹೊಗೆಗೆ ದಡ್ಡುಗಟ್ಟಿದ್ದ ಪೊರೆ ಮೊದಲಿನಂತೆ ಮೆತ್ತಗಾಗುತ್ತಿದೆ ಅಂತ ಅರ್ಥ. ಅದಕ್ಕೆ ಹೆದರಿ ಮತ್ತೆ ಸಿಗರೇಟು ಹಚ್ಚಬೇಡಿ, ಆ ಹುಣ್ಣು ದಾಟಿಹೋಗುತ್ತದೆ.

ಬಯಲುಸೀಮೆ
ಎಲೆಅಡಿಕೆ ಹಾಕೋರ ಬಾಯಿ ಸುಡೋದು ಸುಣ್ಣ ಜಾಸ್ತಿ ಆಗಿ ಅಷ್ಟೇ ಅಲ್ವಾ? ಸುಣ್ಣ ಕಡಿಮೆ ಮಾಡಿದ್ರೆ ಸರಿ ಹೋಗುತ್ತೆ ಅಂತಾರೆ.

ದಂತವೈದ್ಯೆ_ದಾವಣಗೆರೆ
ಸುಣ್ಣ ಸುಡುವುದು ಒಂದು ಭಾಗ. ದೊಡ್ಡ ಭಾಗ ಅಡಿಕೆಯದೇ. ಅಡಿಕೆಯನ್ನು, ಹೊಗೆಸೊಪ್ಪು ಇಲ್ಲದಿದ್ದರೂ, ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಈ ಮಾತು ಯಾರಿಗೂ ರುಚಿಸುವುದಿಲ್ಲ, ಗೊತ್ತು.

ಖಾರ ತಾಗಿದರೆ ಬಾಯೆಲ್ಲ ಉರಿ, ಕೆನ್ನೆಯ ಒಳಗೆ ಬಿಳುಪು, ಮುಟ್ಟಿದರೆ ಹುರಿಯಂತೆ ಗಟ್ಟಿ: ಇದು ನಾರುಗಟ್ಟುವ ರೋಗ, ಸಬ್‌ಮ್ಯೂಕಸ್ ಫೈಬ್ರೋಸಿಸ್. ತಮ್ಮದೇ ಮೂರು ಬೆರಳು ಒಂದರ ಮೇಲೊಂದು ನೆಟ್ಟಗೆ ಹಲ್ಲುಗಳ ನಡುವೆ ಹೋಗದಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದೆ. ನಾರುಗಟ್ಟಿದ್ದು ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ, ಅಡಿಕೆ ಬಿಟ್ಟರೆ ಮುಂದುವರಿಯುವುದನ್ನು ತಡೆಯಬಹುದು.

ಕಡ್ಡಿಪುಡಿ, ಗುಟ್ಕಾ ಒತ್ತರಿಸುವ ಕೆನ್ನೆ–ವಸಡಿನ ಸಂದಿಯಲ್ಲೇ ನಮ್ಮ ಕಡೆ ಬಾಯಿ ಕ್ಯಾನ್ಸರ್ ಹೆಚ್ಚು. ಶುರುವಿನಲ್ಲಿ ನೋವೇ ಇರುವುದಿಲ್ಲ, ಅದೇ ಮೋಸ. ಉರಿಯುವ ಚಿಕ್ಕ ಹುಣ್ಣಿಗೆ ಜನ ಓಡಿಬರುತ್ತಾರೆ, ಗಟ್ಟಿ ಅಂಚಿನ ನೋಯದ ಹುಣ್ಣನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ. ಮುಟ್ಟಿದರೆ ಬಿರುಸು, ರಕ್ತ ಜಿನುಗುವಿಕೆ, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗುವ ಹಲ್ಲು, ಕುತ್ತಿಗೆಯಲ್ಲಿ ಗಂಟು, ಇವುಗಳಲ್ಲಿ ಯಾವುದಿದ್ದರೂ ಮೂರನೇ ವಾರದ ಲೆಕ್ಕವನ್ನೂ ಕಾಯಬೇಡಿ. ಹತ್ತಿರದ ದಂತ ಕಾಲೇಜಿನಲ್ಲಿ ಕಡಿಮೆ ಖರ್ಚಿನಲ್ಲಿ ಚೂರು ತೆಗೆದು ಪರೀಕ್ಷೆ ಮಾಡುತ್ತಾರೆ. ಚೂರು ತೆಗೆದರೆ ಕ್ಯಾನ್ಸರ್ ಹಬ್ಬುತ್ತದೆ ಎನ್ನುವುದು ಬರೀ ಹೆದರಿಕೆ.

ಬಯಲುಸೀಮೆ
ಮೂರು ಬೆರಳಿನ ಲೆಕ್ಕ ಗೊತ್ತಿರಲಿಲ್ಲ. ಇವತ್ತೇ ಅಂಗಡಿ ಕಟ್ಟೆ ಮೇಲೆ ಎಲ್ಲರ ಕೈಲೂ ಮಾಡಿಸ್ತೀನಿ.

ರಕ್ತಪರೀಕ್ಷೆ_ಲ್ಯಾಬ್
ಬಾಯಿಹುಣ್ಣಿನ ಜೊತೆ ಗುಪ್ತಾಂಗದಲ್ಲೂ ಹುಣ್ಣು, ಕಣ್ಣು ಕೆಂಪು ಇದ್ದರೆ ಬೆಹ್ಚೆಟ್ ಎಂಬ ರಕ್ತನಾಳಗಳ ಉರಿಯೂತದ ಕಾಯಿಲೆಯ ಅನುಮಾನ. ತಿಂಗಳುಗಟ್ಟಲೆ ಭೇದಿ, ತೂಕ ಇಳಿಕೆ ಇದ್ದರೆ ಕರುಳಿನ ತಪಾಸಣೆ. ಗೋಧಿ ಆಗದ ಸೀಲಿಯಾಕ್ ಅನುಮಾನ ಇದ್ದರೆ ಪರೀಕ್ಷೆಗೆ ಮೊದಲು ಚಪಾತಿ ಬಿಡಬೇಡಿ, ಬಿಟ್ಟರೆ ರೋಗ ಇದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು.

ತುಂಗಾತೀರ
ಈ ಸಲದ ಹುಣ್ಣು ಮಾಗಿದ ಮೇಲೆ ಗುಳಿಗೆ ಮುಟ್ಟದೆ ಸಿಬಿಸಿ, ಫೆರಿಟಿನ್, ಬಿ12, ಫೋಲೇಟ್ ಮಾಡಿಸೋದು, ಇವತ್ತಿನಿಂದಲೇ ಟೂತ್‌ಪೇಸ್ಟ್ ಬದಲಿಸೋದು. ಎರಡೂ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯ್ತು ಅಂತ ಹೇಗೆ ಗೊತ್ತಾಗತ್ತೆ?

ದಂತವೈದ್ಯೆ_ದಾವಣಗೆರೆ
ಗೋಡೆ ಕ್ಯಾಲೆಂಡರಿನಲ್ಲಿ ಹುಣ್ಣು ಎದ್ದ ದಿನ, ಮಾಗಿದ ದಿನ, ಎಲ್ಲಿ, ಎಷ್ಟು ಅಂತ ಗುರುತು ಹಾಕಿ. ಪೇಸ್ಟ್ ಬದಲಿಸಿ ಎರಡು ತಿಂಗಳು ಅದೊಂದನ್ನೇ ನೋಡಿ. ರಕ್ತದಲ್ಲಿ ಕೊರತೆ ಕಂಡರೆ ಮಾತ್ರ ಕಾಯದೆ ಅದಕ್ಕೆ ಮದ್ದು ಶುರು ಮಾಡಿ, ಆಗ ಯಾವುದರಿಂದ ಗುಣವಾಯ್ತು ಎಂಬ ಲೆಕ್ಕ ತಪ್ಪಿದರೂ ನಷ್ಟವಿಲ್ಲ.